ಮಹಾನಗರದ ಆಡಳಿತ ಯಾಕಿಷ್ಟು ಕಷ್ಟ?

"ದೊಡ್ಡ ನಗರಗಳಲ್ಲಿ ದುಡ್ಡಿದೆ, ಓದಿದ ಅಧಿಕಾರಿಗಳಿದ್ದಾರೆ. ಆದರೂ ಆಡಳಿತ ಯಾಕಿಷ್ಟು ಕಷ್ಟ? ನೂರೆಂಟು ಥರದ ಜನ ಒಂದೇ ಕಡೆ ಸೇರಿರುವುದೇ ಕಾರಣವಾ?" ಅಂತ ಕೇಳಿದ್ದೀರಿ.

ಜನರ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ನನಗೆ ಕಾಣುವ ದೊಡ್ಡ ತೊಡಕು, ಒಂದೇ ಊರಿನ ಅಧಿಕಾರ ಹತ್ತು ಕೈಗಳಲ್ಲಿ ಹಂಚಿಹೋಗಿರುವುದು.

ಒಂದು ರಸ್ತೆಯನ್ನೇ ತೆಗೆದುಕೊಳ್ಳಿ. ಎಷ್ಟೋ ನಗರಗಳಲ್ಲಿ ಮೇಲಿನ ಡಾಂಬರು ಪಾಲಿಕೆಯದ್ದು, ಕೆಳಗಿನ ನೀರಿನ ಪೈಪು ಬೇರೆ ಮಂಡಳಿಯದ್ದು, ಕೇಬಲ್ಲು ಕಂಪನಿಯದ್ದು, ಸಿಗ್ನಲ್ಲು ಪೊಲೀಸರದ್ದು. ಹೊಸ ಡಾಂಬರು ಆರುವ ಮೊದಲೇ ಪೈಪಿನವರು ಬಂದು ಅಗೆಯುತ್ತಾರೆ. ಮಣ್ಣು ಮುಚ್ಚಿ ಹೋಗುತ್ತಾರೆ, ಸರಿಯಾಗಿ ಅದುಮುವುದಿಲ್ಲ. ಮೊದಲ ಮಳೆಗೇ ಆ ಜಾಗ ಕುಸಿಯುತ್ತದೆ. ದೂರು ಕೊಟ್ಟರೆ ಒಬ್ಬರು "ಅಗೆದವರು ನಾವಲ್ಲ" ಅಂತಾರೆ, ಇನ್ನೊಬ್ಬರು "ರಸ್ತೆ ನಮ್ಮದಲ್ಲ" ಅಂತಾರೆ. ತಮಾಷೆ ಏನಂದ್ರೆ, ಇಬ್ಬರೂ ಹೇಳುವುದು ನಿಜ!

ಇದೇ ಕಥೆ ದೊಡ್ಡ ಮಟ್ಟದಲ್ಲೂ ನಡೆಯುತ್ತದೆ. 1986ರಲ್ಲಿ ಬ್ರಿಟನ್ ಪ್ರಧಾನಿ ಥ್ಯಾಚರ್ ಅವರ ಸರ್ಕಾರ, ಇಡೀ ಲಂಡನ್ನಿನ ಆಡಳಿತ ನೋಡುತ್ತಿದ್ದ ಗ್ರೇಟರ್ ಲಂಡನ್ ಕೌನ್ಸಿಲನ್ನೇ ರದ್ದು ಮಾಡಿತು. 2000ದವರೆಗೆ ಇಡೀ ಲಂಡನ್ನಿಗೆ ಅಂತ ಒಂದು ಚುನಾಯಿತ ಸಂಸ್ಥೆಯೇ ಇರಲಿಲ್ಲ. ಆ ವರ್ಷ ಮೇಯರ್ ಆದ ಕೆನ್ ಲಿವಿಂಗ್‌ಸ್ಟನ್ 2003ರಲ್ಲೇ ಟ್ರಾಫಿಕ್ಕು ತಗ್ಗಿಸಲು ನಗರದ ನಡುಭಾಗಕ್ಕೆ ಬರುವ ಕಾರುಗಳಿಗೆ ಶುಲ್ಕ ಹಾಕಿದರು. ಬೈಗುಳ ಸಿಕ್ಕಾಪಟ್ಟೆ ಬಂತು. ಆದರೂ 2004ರಲ್ಲಿ ಮತ್ತೆ ಗೆದ್ದರು. ನ್ಯೂಯಾರ್ಕಿನ ಮೇಯರ್ ಬ್ಲೂಮ್‌ಬರ್ಗ್ ಇಂಥದ್ದೇ ಯೋಜನೆ ತಂದರು, 2008ರಲ್ಲಿ ನಗರದ ಕೌನ್ಸಿಲ್ ಒಪ್ಪಿಗೆಯೂ ಸಿಕ್ಕಿತು. ಆದರೆ ಕೀಲಿಕೈ ಇದ್ದದ್ದು ಆಲ್ಬನಿ ಊರಿನಲ್ಲಿರುವ ರಾಜ್ಯದ ಶಾಸನಸಭೆಯಲ್ಲಿ. ಅಲ್ಲಿ ಅದನ್ನು ಮತಕ್ಕೇ ಹಾಕಲಿಲ್ಲ. ಶುಲ್ಕ ಕೊನೆಗೂ ಶುರುವಾಗಿದ್ದು 2025ರ ಜನವರಿಯಲ್ಲಿ. ಟ್ರಾಫಿಕ್ಕಿನಲ್ಲಿ ನಿಂತವರು ಮೇಯರಿಗೆ ಬೈಯುತ್ತಾರೆ, ನಿರ್ಧಾರ ಮಾತ್ರ ಬೇರೆ ಊರಲ್ಲಿ ಆಗುತ್ತದೆ.

ಇನ್ನು ವೈವಿಧ್ಯದ ವಿಷಯ. ಭಾಷೆಯ ತೊಡಕು ದುಡ್ಡು ಹಾಕಿದರೆ ಬಗೆಹರಿಯುತ್ತದೆ. ನ್ಯೂಯಾರ್ಕಿನ 311 ಸಹಾಯವಾಣಿಗೆ ಫೋನ್ ಮಾಡಿದರೆ ದುಭಾಷಿಗಳ ಮೂಲಕ 170ಕ್ಕೂ ಹೆಚ್ಚು ಭಾಷೆಗಳಲ್ಲಿ ಮಾತಾಡಬಹುದು. ನಿಜವಾದ ಕಗ್ಗಂಟು ಓಟಿನದ್ದು. ಊರನ್ನು ದಿನಾ ಬಳಸುವವರು ಬೇರೆ, ಅಲ್ಲಿ ಓಟು ಹಾಕುವವರು ಬೇರೆ. ದಿನಾ ರೈಲಲ್ಲಿ ಬಂದು ಹೋಗುವವರಿಗೆ, ಹೊಸದಾಗಿ ವಲಸೆ ಬಂದವರಿಗೆ ಎಷ್ಟೋ ಕಡೆ ಅಲ್ಲಿ ಓಟೇ ಇರುವುದಿಲ್ಲ. ಓಟಿಲ್ಲದವರ ಬಸ್ ನಿಲ್ದಾಣಕ್ಕೆ ಸೂರು ಯಾರು ಹಾಕಿಸುತ್ತಾರೆ, ಹೇಳಿ? ಲಂಡನ್ನಿನ ಹಳೆಯ 'ಸಿಟಿ' ಭಾಗದಲ್ಲಿ 2021ರ ಜನಗಣತಿಯ ಪ್ರಕಾರ ವಾಸವಿದ್ದವರು 10 ಸಾವಿರಕ್ಕೂ ಕಡಿಮೆ, ಕೆಲಸಕ್ಕೆ ಬರುವವರು 5 ಲಕ್ಷಕ್ಕೂ ಜಾಸ್ತಿ. ಅಲ್ಲಿ ಕಂಪನಿಗಳಿಗೂ ಓಟು ಕೊಟ್ಟಿದ್ದಾರೆ. ನೆಲ ಒರೆಸಲು ಬರುವವರಿಗೆ ಬದಲು ಕಂಪನಿಗೆ ಓಟು! ನನಗಂತೂ ಇದು ಸರಿ ಅನ್ನಿಸುವುದಿಲ್ಲ.

ಹಾಗಾದರೆ ಎಲ್ಲವನ್ನೂ ಸೇರಿಸಿ ಒಂದೇ ದೊಡ್ಡ ಪಾಲಿಕೆ ಮಾಡಿಬಿಟ್ಟರೆ? ಟೊರೊಂಟೊದಲ್ಲಿ 1998ರಲ್ಲಿ ಆರು ಪಾಲಿಕೆಗಳನ್ನು ಒಂದು ಮಾಡಿದರು. 2010ರ ಮೇಯರ್ ಚುನಾವಣೆಯಲ್ಲಿ ಹಳೆಯ ನಗರ ಬಹುಮಟ್ಟಿಗೆ ಒಂದು ಕಡೆ, ಹೊರವಲಯ ಇನ್ನೊಂದು ಕಡೆ ನಿಂತಿತು. ಗಡಿ ಅಳಿಸಿದ ಮಾತ್ರಕ್ಕೆ ಮನಸ್ಸು ಒಂದಾಗಲಿಲ್ಲ.

ನನಗೆ ಹೆಚ್ಚು ಒಪ್ಪಿಗೆಯಾಗುವುದು ಟೋಕಿಯೊದ ಏರ್ಪಾಡು. ನೀರು, ಅಗ್ನಿಶಾಮಕ ದಳದಂಥವು ಮೇಲಿನ ಮಹಾನಗರ ಸರ್ಕಾರದ ಕೈಲಿ. ಕಸ ಎತ್ತುವ ಕೆಲಸ 2000ದಿಂದ, ತಮ್ಮದೇ ಪಾಲಿಕೆಯಂಥ ಆಡಳಿತವಿರುವ 23 ವಿಶೇಷ ವಾರ್ಡುಗಳದ್ದು. ಆ ವಾರ್ಡುಗಳ ಮುಖ್ಯಸ್ಥರನ್ನೂ ಜನರೇ ಆರಿಸುತ್ತಾರೆ. ಎಲ್ಲಕ್ಕಿಂತ ಮುಖ್ಯ ದುಡ್ಡಿನ ಲೆಕ್ಕ. ಈ ವಾರ್ಡುಗಳ ಆಸ್ತಿ ತೆರಿಗೆಯನ್ನು ಮಹಾನಗರ ಸರ್ಕಾರವೇ ವಸೂಲಿ ಮಾಡಿ, ಒಂದು ಪಾಲನ್ನು ಅಗತ್ಯ ನೋಡಿ ವಾರ್ಡುಗಳಿಗೆ ಹಂಚುತ್ತದೆ. ಮಿನಾಟೊದಂಥ ಸಿರಿವಂತ ವಾರ್ಡಿನ ಗಗನಚುಂಬಿ ಕಟ್ಟಡಗಳ ತೆರಿಗೆ, ಆದಾಯ ಕಮ್ಮಿ ಇರುವ ವಾರ್ಡಿನ ಖರ್ಚಿಗೂ ಒದಗುತ್ತದೆ.