ಗೊತ್ತಿಲ್ಲದವರ ಜೊತೆ ಆನ್‌ಲೈನ್‌ನಲ್ಲಿ ವಾದ ಮಾಡಿ ಏನಾದರೂ ಪ್ರಯೋಜನ ಇದೆಯಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ರಾತ್ರಿ ಎರಡು ಗಂಟೆವರೆಗೆ ಮುಖವೇ ನೋಡದವರ ಜೊತೆ ವಿಜ್ಞಾನ, ರಾಜಕೀಯ, ಕಾನೂನು ಅಂತ ವಾದ ಮಾಡ್ತೀನಿ, ಒಬ್ಬರೂ ಒಪ್ಪಲ್ಲ, ಬೆಳಿಗ್ಗೆ ಕಣ್ಣುರಿ, ಬಿಟ್ಟುಬಿಡಲಾ, ಇದರಿಂದ ಕೇಸ್ ಗೀಸ್ ಬೀಳುತ್ತಾ ಅಂತ ಕೇಳಿದ್ದೀರಿ. ಹತ್ತು ವರ್ಷ ನಾನೂ ಇದೇ ಮಾಡಿಕೊಂಡಿದ್ದೆ. ಮದ್ದೂರು ಕಡೆಯವನು, ಈಗ ಮೈಸೂರಿನಲ್ಲಿ ಲೆಕ್ಕ ಬರೆಯುವ ಕೆಲಸ. ಹೆಂಡತಿ ಮೂರು ಸಲ ಫೋನ್ ಬಚ್ಚಿಟ್ಟಿದ್ದಾಳೆ.

ಬಿಡಬೇಡಿ. ಆದರೆ ವಾದ ಮಾಡುವಾಗ ಎದುರಿನವನನ್ನು ನೋಡೋದಕ್ಕಿಂತ ಪ್ರಶ್ನೆಯನ್ನು ನೋಡುತ್ತಿರಿ. ವಿಜ್ಞಾನದ ಪ್ರಶ್ನೆ ಅಂತ ಶುರುವಾದದ್ದು ಅರ್ಧ ದಾರಿಯಲ್ಲಿ ರಾಜಕೀಯ ಆಗಿರುತ್ತದೆ. ಕಾನೂನು ಅಂತ ಶುರುವಾದದ್ದು ಜಾತಿ, ಊರು, ಅಪ್ಪ-ತಾತ ಅಂತ ಹೋಗಿರುತ್ತದೆ. ನಮ್ಮ ಶಾಸಕರಾದರೂ ಪಕ್ಷಾಂತರ ಮಾಡುವ ಮುಂಚೆ ರೆಸಾರ್ಟ್‌ಗೆ ಹೋಗುತ್ತಾರೆ, ನಮಗೆ ಗೊತ್ತಾಗುತ್ತದೆ. ಪ್ರಶ್ನೆ ಹಾಗಲ್ಲ, ಕೂತಲ್ಲೇ ಪಕ್ಷ ಬದಲಾಯಿಸುತ್ತದೆ. ನನ್ನ ನಿದ್ದೆ ಹಾಳಾದದ್ದೆಲ್ಲ ಅದು ಗೊತ್ತಾಗದ ರಾತ್ರಿಗಳಲ್ಲೇ.

ಮೊದಲು ಒನಕೆ ಕಥೆ ಹೇಳಿಬಿಡ್ತೀನಿ. 2019ರ ಡಿಸೆಂಬರ್ 26ಕ್ಕೆ ಕಂಕಣ ಸೂರ್ಯಗ್ರಹಣ ಇತ್ತು. ಮಂಗಳೂರು, ಕೊಡಗಿನ ಕುಟ್ಟ ಕಡೆ ಸೂರ್ಯ ಬಳೆಯ ಹಾಗೆ ಕಂಡಿತ್ತು. ಅವತ್ತು ಯಾರೋ ಒಬ್ಬರು ವಿಡಿಯೋ ಹಾಕಿದ್ದರು. ತಟ್ಟೆಯಲ್ಲಿ ಅರಿಶಿನದ ನೀರು, ಅದರ ನಡುವೆ ನೆಟ್ಟಗೆ ನಿಂತ ಒನಕೆ. ಗ್ರಹಣ ಹಿಡಿದಾಗ ನಿಲ್ಲುತ್ತೆ, ಬಿಟ್ಟ ಮೇಲೆ ತಾನಾಗಿ ಬೀಳುತ್ತೆ, ಇದೇ ನಮ್ಮ ಹಳೇ ಕಾಲದ ಗಡಿಯಾರ ಅಂತ ಬರೆದಿದ್ದರು. ನಮ್ಮೂರಲ್ಲೂ ಇದನ್ನು ನಂಬುವವರಿದ್ದಾರೆ.

ನಾನು ಸುಮ್ನೆ ಇರಬೇಕಲ್ಲ. ಉದ್ದುದ್ದ ಬರೆದೆ. ಗ್ರಹಣದಲ್ಲಿ ಸೂರ್ಯ ಚಂದ್ರ ಒಂದೇ ಕಡೆಯಿಂದ ಎಳೆಯೋದಕ್ಕೇ ಒನಕೆ ನಿಲ್ಲುತ್ತೆ ಅಂತಾರೆ. ಒಂದೇ ಕಡೆಯಿಂದ ಎಳೆಯುತ್ತವೆ ಅನ್ನೋದು ಸರಿ, ಆದರೆ ಪ್ರತಿ ಅಮಾವಾಸ್ಯೆಯಲ್ಲೂ ಹೆಚ್ಚುಕಮ್ಮಿ ಹಾಗೇ ಎಳೆಯುತ್ತವೆ. ಚಂದ್ರನ ದಾರಿ ಸುಮಾರು 5 ಡಿಗ್ರಿ ಓರೆ ಇರುವುದರಿಂದ ಬಹಳಷ್ಟು ಅಮಾವಾಸ್ಯೆಗಳಲ್ಲಿ ಅದರ ನೆರಳು ಭೂಮಿಯ ಮೇಲೆ ಬೀಳದೆ ಆಚೀಚೆ ಹಾದುಹೋಗುತ್ತದೆ, ಅಷ್ಟೇ ವ್ಯತ್ಯಾಸ. ಅದೂ ಅಲ್ಲದೆ ಒನಕೆಯನ್ನು ನಿಲ್ಲಿಸುವುದು ಯಾರ ಎಳೆತವೂ ಅಲ್ಲ, ಅದರ ತೂಕದ ಗೆರೆ ಬುಡದೊಳಗೆ ಬಿದ್ದರೆ ಯಾವತ್ತು ಬೇಕಾದರೂ ನಿಲ್ಲುತ್ತದೆ. ಹೀಗೆಲ್ಲ. ಒಬ್ಬನೂ ಪೂರ್ತಿ ಓದಲಿಲ್ಲ. "ನಾಸಾದವರೇ ಒಪ್ಪಿದ್ದಾರೆ" ಅಂತ ಒಂದು ಸಾಲಿನ ಉತ್ತರ ಬಂತು. ನಾಸಾದವರು ಒಪ್ಪದೇ ಇರೋ ವಿಷಯ ನಮ್ಮ ವಾಟ್ಸಾಪ್‌ನಲ್ಲಿ ಯಾವುದಿದೆ ಹೇಳಿ.

ಮುಂದಿನ ಭಾನುವಾರ ಊರಿಗೆ ಹೋದವನು ಅಟ್ಟದಿಂದ ಒನಕೆ ಇಳಿಸಿದೆ. ಬುಡಕ್ಕೆ ಕಬ್ಬಿಣದ ಬಳೆ ಹೊಡೆದಿದೆ, ಅಗಲ ಎರಡು ಬೆರಳಿಗಿಂತ ಸ್ವಲ್ಪ ಜಾಸ್ತಿ. ಪಡಸಾಲೆಯಲ್ಲಿ ಕೂತು ನಿಲ್ಲಿಸೋಕೆ ಶುರು ಮಾಡಿದೆ. ಆರು ಸಲ ಬಿತ್ತು, ಒಂದು ಸಲ ನನ್ನ ಕಾಲ ಮೇಲೆ. ಏಳನೇ ಸಲ ಎರಡೂ ಕೈಯ ಹೆಬ್ಬೆರಳು ತೋರುಬೆರಳಲ್ಲಿ ಮೆಲ್ಲಗೆ ಹಿಡಿದು, ಅದು ಯಾವ ಕಡೆ ವಾಲ್ತಾ ಇದೆ ಅಂತ ಬೆರಳಿಗೆ ಗೊತ್ತಾಗುವವರೆಗೆ ಕಾದು, ಉಸಿರು ಹಿಡಿದು ಬಿಟ್ಟೆ. ನಿಂತಿತು. ಪಕ್ಕದಲ್ಲಿ ಗೋಡೆ ಕ್ಯಾಲೆಂಡರ್ ಕಾಣುವ ಹಾಗೆ ವಿಡಿಯೋ ಮಾಡಿದೆ. ಅವ್ವ ಒಳಗಿಂದ ಬಂದು ನೋಡಿ, "ನಿಂತ್ಕಂಡ್ರೆ ಏನ್ ಬಂತು, ಬತ್ತ ಕುಟ್ಟಕ್ ಬೇಕಲ್ಲ" ಅಂದಳು.

ವಿಡಿಯೋ ಹಾಕಿದ ಮೇಲೆ ಇಬ್ಬರು ತಮ್ಮ ಮನೆಯಲ್ಲೂ ನಿಲ್ಲಿಸಿ ಫೋಟೋ ಹಾಕಿದರು, ಅದೂ ಮಾಮೂಲಿ ದಿನ. ವಿಜ್ಞಾನದ ಜಗಳ ಅಲ್ಲಿಗೆ ಮುಗಿಯಿತು. ಆದರೆ ಮೊದಲು ವಿಡಿಯೋ ಹಾಕಿದವರು ಏನು ಕೇಳಿದರು ಗೊತ್ತಾ? "ಹಾಗಾದ್ರೆ ನಮ್ಮ ಹಿರಿಯರೆಲ್ಲ ದಡ್ಡರಾ?" ನೋಡಿ, ಪಕ್ಷಾಂತರ! ಒನಕೆ ನಿಲ್ಲುತ್ತಾ ಅನ್ನೋ ಪ್ರಶ್ನೆ ಈಗ ಅಜ್ಜಿಗೆ ಮರ್ಯಾದೆ ಕೊಡ್ತೀಯಾ ಅನ್ನೋದಾಯಿತು. ಮುಂಚೆ ಆಗಿದ್ದರೆ ನಾನು ಅದಕ್ಕೂ ಹಾರುತ್ತಿದ್ದೆ. ಅವತ್ತು "ಹಿರಿಯರ ವಿಷಯ ನಾನು ಎತ್ತೇ ಇಲ್ಲ, ಒನಕೆ ವಿಷಯ ಮುಗೀತು" ಅಂತ ಬರೆದು ಫೋನ್ ಕೆಳಗಿಟ್ಟೆ. ಹತ್ತೂವರೆಗೆ ಮಲಗಿದೆ.

ಕಾನೂನಿನ ವಾದದಲ್ಲಿ ಒಂದು ಅನುಕೂಲ ಇದೆ, ಓದೋಕೆ ಏನೋ ಒಂದು ಬರಹ ಇರುತ್ತದೆ. ಅನನುಕೂಲ ಏನೆಂದರೆ ಎದುರಿನವನೂ ಓದಬಹುದು. 2022ರ ಏಪ್ರಿಲ್‌ನಲ್ಲಿ ಸುದೀಪ್ ಮತ್ತು ಅಜಯ್ ದೇವಗನ್ ಟ್ವಿಟರ್‌ನಲ್ಲಿ ಹಿಂದಿ ರಾಷ್ಟ್ರಭಾಷೆ ಹೌದೋ ಅಲ್ಲವೋ ಅಂತ ಮಾತಾಡಿಕೊಂಡಿದ್ದು ನೆನಪಿರಬಹುದು. ಆ ವಾರ ನಾವೆಲ್ಲ ಸಂವಿಧಾನ ಪಂಡಿತರು. ನಾನು 343ನೇ ವಿಧಿ ಹಿಡಿದು ಹೊರಟೆ. ಅಲ್ಲಿರೋದು ಒಕ್ಕೂಟದ ಅಧಿಕೃತ ಭಾಷೆ ಅಂತ, ರಾಷ್ಟ್ರಭಾಷೆ ಅಂತ ಸಂವಿಧಾನ ಯಾವ ಭಾಷೆಯನ್ನೂ ಕರೆದಿಲ್ಲ, ಎಂಟನೇ ಅನುಸೂಚಿಯಲ್ಲಿ ಕನ್ನಡವೂ ಸೇರಿ 22 ಭಾಷೆಗಳಿವೆ. ಭೋಪಾಲ್ ಕಡೆಯ ಒಬ್ಬರು ಇದನ್ನು ಒಪ್ಪಿದರು. ಒಪ್ಪಿ, "351 ಓದಿದ್ದೀರಾ?" ಅಂತ ಕೇಳಿದರು. ನಾನು ಓದಿರಲಿಲ್ಲ. ಹಿಂದಿಯನ್ನು ಹರಡೋದು ಒಕ್ಕೂಟದ ಕರ್ತವ್ಯ ಅಂತ ಅದರಲ್ಲಿ ಬರೆದಿದೆ. ಬಾಯಿಗೆ ಬೀಗ ಬಿತ್ತು. ಒಂದು ಗಂಟೆ ಬಿಟ್ಟು, "ಹೌದು, ಇದೆ. ನನಗೆ ಗೊತ್ತಿರಲಿಲ್ಲ" ಅಂತ ಬರೆದೆ. ಬೆರಳು ಒಪ್ಪಲಿಲ್ಲ, ಆದರೂ ಬರೆದೆ.

ಅಲ್ಲಿಂದ ಮುಂದೆ ಮಾತು "ಇದೆಯಾ" ಬಿಟ್ಟು "ಇರಬೇಕಾ" ಕಡೆ ತಿರುಗಿತು. ಅದು ರಾಜಕೀಯ. ಅದಕ್ಕೆ ಯಾವ ವಿಧಿಯೂ ಉತ್ತರ ಕೊಡಲ್ಲ. ಬ್ಯಾಂಕ್ ಕೌಂಟರ್‌ನಲ್ಲಿ ಕನ್ನಡ ಬರದವರನ್ನು ಕೂರಿಸಿದರೆ ನನ್ನ ಅವ್ವನಿಗೆ ಏನಾಗುತ್ತದೆ ಅಂತ ನಾನು ಹೇಳಿದೆ. ಅವರು ಅವರದ್ದು ಹೇಳಿದರು. ಗೆದ್ದವರು ಯಾರೂ ಇಲ್ಲ, ಆದರೆ ಆ ಮಾತು ಚೆನ್ನಾಗಿತ್ತು.

ಈಗ ನನ್ನ ಮಾನ ಹೋದ ಕಥೆ. 2023ರ ಸೆಪ್ಟೆಂಬರ್. ಆ ವರ್ಷದ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆಯ ಆಗಸ್ಟ್. ಕೆಆರ್‌ಎಸ್‌ನಿಂದ ಬರುವ ನಮ್ಮ ವಿ.ಸಿ. ನಾಲೆಯಲ್ಲಿ ನೀರು ಬರುತ್ತಾ ಇಲ್ಲವಾ ಅಂತ ಜನ ಏರಿ ಮೇಲೆ ಕೂತಿದ್ದರು. ಅಷ್ಟರಲ್ಲಿ ತಮಿಳುನಾಡಿಗೆ 15 ದಿನ 5000 ಕ್ಯುಸೆಕ್ ಬಿಡಿ ಅಂತ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಆದೇಶ. ನನ್ನ ತಲೆ ಕೆಟ್ಟಿತು. ತಂಜಾವೂರು ಕಡೆಯವರೊಬ್ಬರು ಆದೇಶವನ್ನು ಸಮರ್ಥಿಸಿ ಬರೆದಿದ್ದರು. ಅವರ ಕೆಳಗೆ ಹೋಗಿ ಬರೆದೆ: "5000 ಟಿಎಂಸಿ ಎಲ್ಲಿಂದ ತರೋದು ಸ್ವಾಮಿ, ನಮ್ಮ ರಕ್ತ ಬಿಡೋಣವಾ?" ನೂರಾರು ಲೈಕ್ ಬಂದವು. ಎದೆ ಉಬ್ಬಿತು.

ಅವರು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಕೆಆರ್‌ಎಸ್ ತುಂಬಿದರೆ ಎಷ್ಟು ಟಿಎಂಸಿ?"

ಹುಡುಕಿದೆ. 49.45. ಇಡೀ ಕಾವೇರಿ ಕೊಳ್ಳದಲ್ಲಿ ವರ್ಷಕ್ಕೆ ಸಿಗುವ ನೀರು 740 ಟಿಎಂಸಿ ಅಂತ, ನೀರು ಹಂಚಿಕೆ ತೀರ್ಮಾನಿಸಿದ ಕಾವೇರಿ ನ್ಯಾಯಮಂಡಳಿ ಲೆಕ್ಕ ಹಾಕಿರೋದು. ನಾನು ಹೇಳಿದ 5000 ಟಿಎಂಸಿ ಅಂದರೆ ಸುಮಾರು ಏಳು ವರ್ಷದ ಕಾವೇರಿ! ಹೊಟ್ಟೆಪಾಡಿಗೆ ಲೆಕ್ಕ ಬರೆಯುವವನು ನಾನು. ಕ್ಯುಸೆಕ್ ಅಂದರೆ ಸೆಕೆಂಡಿಗೆ ಹರಿಯುವ ಒಂದು ಘನ ಅಡಿ, ಅದು ಹರಿವು. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಅದು ಗಾತ್ರ. ಸಂಬಳವನ್ನೂ ಉಳಿತಾಯವನ್ನೂ ಒಂದೇ ಕಾಲಂನಲ್ಲಿ ಬರೆದ ಹಾಗೆ ನಾನು ಬರೆದಿದ್ದೆ. ಕ್ಯಾಲ್ಕುಲೇಟರ್ ತೆಗೆದು ಕೂತೆ. ದಿನಕ್ಕೆ 86,400 ಸೆಕೆಂಡ್. 5000 ಕ್ಯುಸೆಕ್ ಒಂದು ದಿನ ಹರಿದರೆ 43.2 ಕೋಟಿ ಘನ ಅಡಿ, ಅಂದರೆ 0.432 ಟಿಎಂಸಿ. ಹದಿನೈದು ದಿನಕ್ಕೆ 6.48 ಟಿಎಂಸಿ.

ಲೈಕ್ ಒತ್ತಿದ ನೂರಾರು ಜನರಲ್ಲಿ ಒಬ್ಬರೂ ಈ ತಪ್ಪು ಹೇಳಿರಲಿಲ್ಲ. ಹೇಳಿದ್ದು ಎದುರು ಪಕ್ಷದವರು. ಕಾಮೆಂಟ್ ಅಳಿಸಿಬಿಡೋಣ ಅನ್ನಿಸಿತು. ಅಳಿಸದೆ, ಕೆಳಗೆ ಸರಿಯಾದ ಲೆಕ್ಕ ಹಾಕಿ, "ತಪ್ಪು ನನ್ನದು. ಆದರೆ ಬರದ ವರ್ಷದಲ್ಲಿ 6.48 ಟಿಎಂಸಿಯೂ ಸಣ್ಣದಲ್ಲ" ಅಂತ ಬರೆದೆ. ಲೈಕ್ ಕೊಟ್ಟಿದ್ದವರಲ್ಲಿ ಕೆಲವರು ನನ್ನನ್ನೇ ದ್ರೋಹಿ ಅಂದರು. ಆಶ್ಚರ್ಯ ಏನೂ ಇಲ್ಲ.

ಆಮೇಲೆ ಶುರುವಾಯಿತು ನಿಜವಾದ ಮಾತು. ತಮಗೆ 192 ಟಿಎಂಸಿ ಬರಬೇಕು ಅಂತ ಅವರು ಬರೆದರು. ಅದು 2007ರ ನ್ಯಾಯಮಂಡಳಿ ತೀರ್ಪು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚಿಸಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಹಾಗಾಗಿ ತಮಿಳುನಾಡು ಗಡಿಯ ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದದ್ದು 177.25. ಇದನ್ನು ಹೇಳಿದಾಗ ಅವರು ಹೋಗಿ ನೋಡಿಕೊಂಡು ಬಂದು "ಸರಿ, 177.25" ಅಂದರು. ಒಂದಕ್ಕೊಂದು ಸಮ ಆಯಿತು.

ಮಳೆ ಕಮ್ಮಿ ಆದ ವರ್ಷ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಇಳಿಯಬೇಕು ಅಂತ ನ್ಯಾಯಮಂಡಳಿ ಹೇಳಿದೆ, ಅದನ್ನೂ ಇಬ್ಬರೂ ಒಪ್ಪಿದೆವು. ಎಷ್ಟು ಕಮ್ಮಿ ಆದರೆ ಕಷ್ಟದ ವರ್ಷ, ಯಾವ ತಿಂಗಳಲ್ಲಿ ಲೆಕ್ಕ ಹಿಡಿಯೋದು, ಅಲ್ಲೇ ಇರೋದು ಎರಡೂ ರಾಜ್ಯದ ಜಗಳ. "ನಿಮಗೆ ಅಕ್ಟೋಬರ್ ಮೇಲೆ ಹಿಂಗಾರು ಮಳೆ ಇದೆಯಲ್ಲ, ನಮಗೆ ಏನಿದೆ?" ಅಂತ ನಾನು ಕೇಳಿದೆ. "ಕುರುವೈ ಭತ್ತ ಅಲ್ಲಿವರೆಗೆ ಕಾಯಲ್ಲ" ಅಂದರು. ಕುರುವೈ ಅನ್ನೋದು ಅವರ ಕಡೆ ಜೂನ್‌ನಲ್ಲಿ ಹಾಕಿ ಸೆಪ್ಟೆಂಬರ್ ಹೊತ್ತಿಗೆ ಕೊಯ್ಯುವ ಬೆಳೆ. ಮೆಟ್ಟೂರು ಅಣೆಕಟ್ಟಿನಿಂದ ಜೂನ್ 12ಕ್ಕೆ ನೀರು ಬಿಡೋದು ವಾಡಿಕೆ, ಆ ವರ್ಷವೂ ಬಿಟ್ಟಿದ್ದರು, ಅದನ್ನು ನಂಬಿ ಅವರು ನಾಟಿ ಮಾಡಿದ್ದರು. ಗದ್ದೆಯ ಫೋಟೋ ಹಾಕಿದರು. ನೆಲ ಬಿರುಕು ಬಿಟ್ಟಿತ್ತು. ನಾನು ನಮ್ಮ ಭಾವನ ಗದ್ದೆ ಫೋಟೋ ಹಾಕಿದೆ. ಎರಡು ಫೋಟೋ ಪಕ್ಕಪಕ್ಕ ಇಟ್ಟರೆ ಯಾವುದು ಮಂಡ್ಯ, ಯಾವುದು ತಂಜಾವೂರು ಅಂತ ನನಗೇ ಗೊತ್ತಾಗುತ್ತಿರಲಿಲ್ಲ.

ಇರೋ ನೀರು ಮೊದಲು ಯಾರ ಭತ್ತಕ್ಕೆ? ಇಲ್ಲಿಗೆ ಬಂದಾಗ ಕ್ಯಾಲ್ಕುಲೇಟರ್ ಕೆಲಸ ಮುಗಿದಿತ್ತು, ತೀರ್ಪಿನ ಪುಟಗಳೂ ಮುಗಿದಿದ್ದವು. ನಾನು ನಮ್ಮದಕ್ಕೆ ಅಂದೆ, ಅವರು ಅವರದಕ್ಕೆ ಅಂದರು. ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ನಾನು ಬಂದ್ ಪರ. ಇವತ್ತಿಗೂ ನನ್ನ ನಿಲುವು ಅದೇ. ಆದರೆ ಆವತ್ತಿಂದ ಅವರ ಮೇಲೆ ಸಿಟ್ಟಿಲ್ಲ, ಸುಳ್ಳು ಲೆಕ್ಕವೂ ಇಲ್ಲ.

ಕೇಸ್ ಬಗ್ಗೆ: ನಾನು ವಕೀಲನಲ್ಲ, ಗೊತ್ತಿರೋದಷ್ಟು ಹೇಳ್ತೀನಿ. ಕಿರಿಕಿರಿ ಆಗುವ ಹಾಗೆ ಬರೆದರೂ ಮೂರು ವರ್ಷದವರೆಗೆ ಜೈಲು ಅನ್ನುವ 66ಎ ಕಲಂ ಐಟಿ ಕಾಯ್ದೆಯಲ್ಲಿತ್ತು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ತಮಾಷೆ ಏನೆಂದರೆ, ಸತ್ತ ಆ ಕಲಂ ಹಾಕಿ ಪೊಲೀಸರು ಇನ್ನೂ ಕೇಸ್ ದಾಖಲಿಸುತ್ತಿದ್ದಾರೆ ಅಂತ 2021ರಲ್ಲಿ ಅದೇ ಕೋರ್ಟ್ ಆಘಾತ ವ್ಯಕ್ತಪಡಿಸಬೇಕಾಯಿತು. ಯಾರಾದರೂ "66ಎ ಹಾಕಿಸ್ತೀನಿ" ಅಂತ ಹೆದರಿಸಿದರೆ ಅವರಿಗೆ ಈ ದಿನಾಂಕ ಕಳಿಸಿ. ಹಾಗಂತ ಬಾಯಿಗೆ ಬಂದದ್ದು ಬರೆಯಬೇಡಿ. ಗುಂಪುಗಳ ನಡುವೆ ದ್ವೇಷ ಹಚ್ಚಿದರೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ ಇದೆ, ಮಾನಹಾನಿಗೆ 356 ಇದೆ. ಸರ್ಕಾರದ ಯೋಜನೆ ಕೆಲಸಕ್ಕೆ ಬಾರದ್ದು ಅನ್ನೋದು ಬೇರೆ, ಪಕ್ಕದ ಬೀದಿಯವರ ಧರ್ಮ ಕೆಲಸಕ್ಕೆ ಬಾರದ್ದು ಅನ್ನೋದು ಬೇರೆ.

ಇನ್ನು ನಿದ್ದೆ. ಒಂಬತ್ತು ಗಂಟೆ ಮೇಲೆ ನಾನು ಓದುತ್ತೇನೆ, ಉತ್ತರ ಬರೆಯಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತಾ ನೋಡಿದರೆ ಅರ್ಧದಷ್ಟಕ್ಕೆ ಉತ್ತರವೇ ಬೇಡ ಅನ್ನಿಸುತ್ತದೆ. ಒಂದು ತಿಂಗಳು ಮಾಡಿ ನೋಡಿ.

ತಂಜಾವೂರಿನವರ ಜೊತೆ ಆಮೇಲೂ ಸಂಪರ್ಕ ಇದೆ. 2024ರ ಜುಲೈನಲ್ಲಿ ಕೆಆರ್‌ಎಸ್ 124.80 ಅಡಿ ತುಂಬಿತು. ನಾನು ಫೋಟೋ ಕಳಿಸಿದೆ. ಕೆಲವು ದಿನ ಬಿಟ್ಟು ಮೆಟ್ಟೂರು 120 ಅಡಿ ತುಂಬಿದ ಫೋಟೋ ಅವರಿಂದ ಬಂತು. ಜೊತೆಗೆ ಒಂದು ಸಾಲು: "ಮುಂದಿನ ಮಳೆ ಕೈಕೊಡೋವರೆಗೆ ನಮ್ಮ ಜಗಳಕ್ಕೆ ರಜ."