ಮೀಟರ್ ಮಾತು ಕೇಳುತ್ತಿಲ್ಲವೆ?

ಪ್ರಶ್ನೆ: ನಮ್ಮ ಲ್ಯಾಬಿನ ಹಳೆಯ ಎಚ್‌ಪಿ 34401ಎ ಮಲ್ಟಿಮೀಟರನ್ನು, ಲ್ಯಾಬಿನ ಉಪಕರಣಗಳಿಗೆಂದೇ ಇರುವ ಜಿಪಿಐಬಿ ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸಿ, ಉಷ್ಣತೆಯನ್ನು ವೋಲ್ಟೇಜಾಗಿ ತೋರಿಸುವ ಕೆ-ಟೈಪ್ ಥರ್ಮೋಕಪಲ್‌ನ ವೋಲ್ಟೇಜನ್ನು ಪೈಥಾನ್‌ನಲ್ಲಿ ದಾಖಲಿಸುತ್ತಿದ್ದೇವೆ. ಕೊನೆಯ ಅಂಕಿಗಳು ಕುಣಿಯುತ್ತವೆಂದು ಇಂಟಿಗ್ರೇಶನ್ ಸಮಯವನ್ನು (ಒಂದು ರೀಡಿಂಗಿಗೆ ಮೀಟರ್ ಅಳೆಯುವ ಹೊತ್ತು) ಕರೆಂಟಿನ 100 ಸೈಕಲ್‌ಗೆ ಏರಿಸಿದೆ. ಏನೂ ಬದಲಾಗಲಿಲ್ಲ. ಪ್ರೋಗ್ರಾಮ್ ಜತೆಗಿಟ್ಟಿದ್ದೇನೆ.
— ಭೌತಶಾಸ್ತ್ರ ಉಪನ್ಯಾಸಕಿ, ಶಿರಸಿ

ಉತ್ತರ: ಮೀಟರ್ ನಿಮ್ಮ ಮಾತು ಕೇಳಿದೆ ಮೇಡಂ. ಆದರೆ ಮುಂದಿನ ಸಾಲಿನಲ್ಲೇ ನೀವು ಅದನ್ನು ಅಳಿಸಲು ಹೇಳಿದ್ದೀರಿ, ಅದನ್ನೂ ಕೇಳಿದೆ. ಲೂಪಿನ (ಪ್ರೋಗ್ರಾಮಿನಲ್ಲಿ ಮತ್ತೆ ಮತ್ತೆ ಸುತ್ತುವ ಭಾಗ) ಹೊರಗೆ 100 ಸೈಕಲ್ ಎಂದು ಬರೆದು, ಒಳಗೆ ಪ್ರತಿ ಸುತ್ತಿಗೂ 'ಮೆಶರ್' ಕಮಾಂಡ್ ಕಳಿಸುತ್ತಿದ್ದೀರಿ. 'ಮೆಶರ್' ಬರೀ ಅಳೆದು ಸುಮ್ಮನಾಗುವುದಿಲ್ಲ. ಮೊದಲು ಸೆಟ್ಟಿಂಗುಗಳನ್ನೆಲ್ಲ ತನ್ನ ಮೂಲಸ್ಥಿತಿಗೆ ತರುತ್ತದೆ, ಆಮೇಲೆ ಅಳೆಯುತ್ತದೆ. ರೆಸಲ್ಯೂಶನ್ (ಎಷ್ಟು ಸಣ್ಣ ವ್ಯತ್ಯಾಸ ಕಾಣಬೇಕು) ಎಷ್ಟೆಂದು ನೀವು ಹೇಳದಿದ್ದರೆ ಆ ಮೂಲಸ್ಥಿತಿ 10 ಸೈಕಲ್. ಹಾಗಾಗಿ ನಿಮ್ಮ 100 ಒಂದು ರೀಡಿಂಗಿಗೂ ಒದಗಲಿಲ್ಲ.

ಲೂಪಿನ ಹೊರಗೆ 'ಕಾನ್ಫಿಗರ್' ಕಮಾಂಡಿನಿಂದ ಡಿಸಿ ವೋಲ್ಟೇಜ್, 0.1 ವೋಲ್ಟ್ ರೇಂಜ್ ಎಂದು ಒಮ್ಮೆ ಹೇಳಿ. 100 ಸೈಕಲ್ ಅದರ ನಂತರವೇ ಬರಬೇಕು, ಏಕೆಂದರೆ 'ಕಾನ್ಫಿಗರ್' ಕೂಡ ಹಳೆಯದನ್ನು ಅಳಿಸುತ್ತದೆ. ಲೂಪಿನೊಳಗೆ ಪ್ರಶ್ನಾರ್ಥಕ ಚಿಹ್ನೆಯಿರುವ 'ರೀಡ್' ಮಾತ್ರ ಸಾಕು. ಆ ಚಿಹ್ನೆ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಅದಿಲ್ಲದ ಕಮಾಂಡಿಗೆ ಮೀಟರ್ ಉತ್ತರ ಕೊಡುವುದಿಲ್ಲ. ಕಂಪ್ಯೂಟರ್ ಸುಮ್ಮನೆ ಕಾಯುತ್ತ ಕೂರುತ್ತದೆ.

ಇಷ್ಟು ಸರಿಮಾಡಿದ ಕೂಡಲೇ ನಿಮಗೆ ಟೈಮೌಟ್ (ಉತ್ತರಕ್ಕೆ ಕಾದು ಸಾಕಾಗಿ ಪ್ರೋಗ್ರಾಮ್ ಕೈಬಿಡುವುದು) ಎದುರಾಗುತ್ತದೆ, ಗಾಬರಿಯಾಗಬೇಡಿ. ನಮ್ಮ ಕರೆಂಟು 50 ಹರ್ಟ್ಜ್, ಒಂದು ಸೈಕಲ್ ಎಂದರೆ 20 ಮಿಲಿಸೆಕೆಂಡ್, 100 ಸೈಕಲ್‌ಗೆ 2 ಸೆಕೆಂಡ್. ಆಟೋಜೀರೋ ಚಾಲೂ ಇದ್ದರೆ ಪ್ರತಿ ರೀಡಿಂಗಿನ ಜತೆ ಮೀಟರ್ ಒಳಗೇ ಇನ್‌ಪುಟ್ ಕಡಿದುಕೊಂಡು, ತನ್ನದೇ ಸೊನ್ನೆಯನ್ನು ಅಷ್ಟೇ ಹೊತ್ತು ಅಳೆದು ಕಳೆಯುತ್ತದೆ. ಒಟ್ಟು 4 ಸೆಕೆಂಡ್ ಆಯಿತು. ಮೀಟರಿನ ಜತೆ ಮಾತಾಡಲು ನೀವು ಬಳಸಿರುವ ಪೈಥಾನ್ ಲೈಬ್ರರಿ ಪೈವೀಸಾ ತಾನಾಗಿ ಕಾಯುವುದು 2 ಸೆಕೆಂಡ್ ಮಾತ್ರ. ಟೈಮೌಟನ್ನು 10 ಸೆಕೆಂಡಿಗೆ ಏರಿಸಿಬಿಡಿ. ಆಟೋಜೀರೋ ಆರಿಸಿ ವೇಗ ಗಳಿಸಲು ಹೋಗಬೇಡಿ. ಮಿಲಿವೋಲ್ಟ್ ಅಳೆಯುವಾಗ ಅದು ಬೇಕೇಬೇಕು.

ಇನ್ನು ಕುಣಿಯುವ ಅಂಕಿಗಳು. 0.1 ವೋಲ್ಟ್ ರೇಂಜಿನಲ್ಲಿ ಈ ಮೀಟರಿನ ಕೊನೆಯ ಅಂಕಿ 0.1 ಮೈಕ್ರೋವೋಲ್ಟ್. ಕೆ-ಟೈಪ್ ಥರ್ಮೋಕಪಲ್ ಕೊಡುವುದು ಒಂದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. ಅಂದರೆ ಆ ಕೊನೆಯ ಅಂಕಿ ಒಂದು ಡಿಗ್ರಿಯ ನಾನೂರನೇ ಒಂದು ಭಾಗ! ಅಷ್ಟು ಸಣ್ಣದನ್ನು ಹಿಡಿಯಲು ವಿದ್ಯಾರ್ಥಿಗಳನ್ನು ದುಡಿಸಬೇಡಿ. ಅದಕ್ಕಿಂತ ಮೊದಲು ಮೇಜಿನ ಮೇಲಿನ ಫ್ಯಾನ್ ಆರಿಸಿ. ಟರ್ಮಿನಲ್‌ಗೆ ಗಾಳಿ ತಾಗಿ ಎರಡು ಜೋಡಣೆಗಳ ನಡುವೆ ಚೂರು ಉಷ್ಣತೆಯ ವ್ಯತ್ಯಾಸ ಬಂದರೂ ಅಲ್ಲೇ ಮೈಕ್ರೋವೋಲ್ಟ್‌ಗಳು ಹುಟ್ಟುತ್ತವೆ. ಟರ್ಮಿನಲ್ ಮೇಲೆ ಒಂದಿಷ್ಟು ಹತ್ತಿ ಮುಚ್ಚಿ ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ನಿಮ್ಮೂರಿನ ಮಳೆಗಾಲಕ್ಕೆ ಒಂದು ಮಾತು: ಕರೆಂಟು ಹೋಗಿ ಬಂದಾಗ ಮೀಟರ್ ತನ್ನ ಜಿಪಿಐಬಿ ವಿಳಾಸವನ್ನು ನೆನಪಿಟ್ಟುಕೊಳ್ಳುತ್ತದೆ, ನೀವು ಕಳಿಸಿದ ಸೆಟ್ಟಿಂಗುಗಳನ್ನಲ್ಲ. ಯುಪಿಎಸ್ ಮೇಲೆ ಕಂಪ್ಯೂಟರ್ ಉಳಿದು ಮೀಟರ್ ಮಾತ್ರ ಆರಿದರೆ, ಪ್ರೋಗ್ರಾಮ್ ಏನೂ ಆಗಿಲ್ಲವೆಂಬಂತೆ ತಪ್ಪು ಸೆಟ್ಟಿಂಗಿನಲ್ಲಿ ಓದುತ್ತ ಹೋಗಬಹುದು. ಎರಡನ್ನೂ ಒಂದೇ ಯುಪಿಎಸ್‌ಗೆ ಹಾಕಿ.

ಪ್ರಶ್ನೆ: ಸೋಲಾರ್ ಸೆಲ್‌ಗೆ ಸಣ್ಣ ರೆಸಿಸ್ಟರ್ ಜೋಡಿಸಿ, ಅದರ ವೋಲ್ಟೇಜನ್ನು ಇಂಥದೇ ಮೀಟರಿನಿಂದ ದಿನವಿಡೀ ದಾಖಲಿಸಿದೆ. ಬೆಳಿಗ್ಗೆ, ಸಂಜೆ ಸರಿಯಿದೆ. ನಡು ಮಧ್ಯಾಹ್ನ ಫೈಲಿನಲ್ಲಿ 9.9ಇ+37 (9.9 ಗುಣಿಸು 10ರ 37ನೇ ಘಾತ) ಎಂದು ಬರುತ್ತದೆ. ಮೀಟರ್ ಕೆಟ್ಟಿದೆಯೆ ಸರ್?
— ಬಿಎಸ್ಸಿ ವಿದ್ಯಾರ್ಥಿ, ಕಾರವಾರ

ಉತ್ತರ: ಇಲ್ಲ ತಮ್ಮಾ, ಅದು ಓವರ್‌ಲೋಡ್ ಸೂಚನೆ. ನೀನು 0.1 ವೋಲ್ಟ್ ರೇಂಜನ್ನು ಕಟ್ಟಿಹಾಕಿದ್ದೀಯ ಅನಿಸುತ್ತದೆ. ಆ ರೇಂಜು 120 ಮಿಲಿವೋಲ್ಟ್‌ವರೆಗೆ ಮಾತ್ರ ಅಳೆಯುತ್ತದೆ. ಕಡಲತೀರದ ಮಧ್ಯಾಹ್ನದ ಬಿಸಿಲಿಗೆ ಸೆಲ್ ಅದನ್ನು ದಾಟಿದೆ. 1 ವೋಲ್ಟ್ ರೇಂಜ್ ಇಟ್ಟುಕೋ. ಈಗಾಗಲೇ ಬಂದಿರುವ ಆ ಸಾಲುಗಳನ್ನು ಸರಾಸರಿಗೆ ಸೇರಿಸಬೇಡ, ಒಂದು ಸೇರಿದರೂ ಇಡೀ ದಿನದ ಲೆಕ್ಕ ಕೆಡುತ್ತದೆ. ಅಲ್ಲಿ ಸೊನ್ನೆಯನ್ನೂ ತುಂಬಬೇಡ. ಖಾಲಿ ಬಿಟ್ಟು, ಓವರ್‌ಲೋಡ್ ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆ.