ನೂರಕ್ಕೆ ನೂರು ಯಾರ ಸಾಧನೆ?

ಪ್ರಿಯ ಓದುಗರೇ,

ನಿಮ್ಮ ಪತ್ರ ಖಾರವಾಗಿಯೇ ಇದೆ, ಇರಲಿ. “ಪಠ್ಯ ಒಂದೇ, ಪರೀಕ್ಷೆ ಒಂದೇ. ಒಂದು ಶಾಲೆಯಲ್ಲಿ ಎಲ್ಲರೂ ಪಾಸು, ಇನ್ನೊಂದರಲ್ಲಿ ಅರ್ಧಕ್ಕರ್ಧ ಫೇಲು ಅಂದರೆ ಮೇಷ್ಟ್ರುಗಳದ್ದೇ ತಪ್ಪು ಅಲ್ವಾ? ಅಂಥ ಶಾಲೆ ಮುಚ್ಚಿದರೆ ನಷ್ಟವೇನು?” ಎಂದು ಕೇಳಿದ್ದೀರಿ.

ತಪ್ಪು ಇದ್ದರೂ ಇರಬಹುದು. ಆದರೆ ಫಲಿತಾಂಶದ ಪಟ್ಟಿ ನೋಡಿ ಅದನ್ನು ಹೇಳಲಾಗದು. ಚೆನ್ನಾಗಿ ಓದುವವರನ್ನೇ ಆರಿಸಿಕೊಂಡು, ಹಿಂದೆ ಬಿದ್ದವರನ್ನು ನಡುವೆಯೇ ಸಾಗಹಾಕುವ ಶಾಲೆಗೆ ನೂರಕ್ಕೆ ನೂರು ಬಂದರೆ ಅದರಲ್ಲೇನು ಹೆಚ್ಚುಗಾರಿಕೆ? ಬಂದವರನ್ನೆಲ್ಲ ಸೇರಿಸಿಕೊಳ್ಳುವ ಶಾಲೆಯ ಲೆಕ್ಕವೇ ಬೇರೆ.

ಅಮೆರಿಕದಲ್ಲಿ 1966ರಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ತಂಡ ಸುಮಾರು 6 ಲಕ್ಷ ಮಕ್ಕಳ ಮಾಹಿತಿ ಕಲೆಹಾಕಿ ಒಂದು ವರದಿ ಕೊಟ್ಟಿತು. ಅಂಕಗಳ ಏರುಪೇರಿಗೆ ಶಾಲೆಯ ಖರ್ಚಿಗಿಂತ ಮನೆಯ ಹಿನ್ನೆಲೆಯೇ ಜಾಸ್ತಿ ಕಾರಣ ಎಂದಿತು ಅದು. ಇದನ್ನೇ ಹಿಡಿದುಕೊಂಡು ‘ಶಾಲೆಯಿಂದ ಏನೂ ಆಗದು’ ಎಂದವರೂ ಇದ್ದಾರೆ. ಒಳ್ಳೆಯ ಶಿಕ್ಷಕರಿಂದ ಹೆಚ್ಚು ಲಾಭವಾಗುವುದು ಹಿಂದುಳಿದ ಮಕ್ಕಳಿಗೇ ಎಂಬ ಮಾತೂ ಅದೇ ವರದಿಯಲ್ಲಿತ್ತು. ಯಾಕೋ ಅದನ್ನು ಎತ್ತಿದವರು ಕಡಿಮೆ.

ಅಮೆರಿಕದ್ದೇ ಬಾಲ್ಟಿಮೋರ್ ನಗರದ ಅಧ್ಯಯನ ಇನ್ನೂ ಸ್ವಾರಸ್ಯದ್ದು. ಅಲ್ಲಿ 1982ರಿಂದ ಒಂದನೇ ತರಗತಿಯ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಶಾಲೆ ಶುರುವಾದಾಗ ಒಮ್ಮೆ, ಮುಗಿಯುವಾಗ ಒಮ್ಮೆ ಪರೀಕ್ಷೆಯ ಅಂಕ ನೋಡಿದರು. ಶಾಲೆ ನಡೆಯುವ ತಿಂಗಳುಗಳಲ್ಲಿ ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ಹೆಚ್ಚುಕಡಿಮೆ ಒಂದೇ ಸಮ ಕಲಿತಿದ್ದರು. ಅಂತರ ಬೆಳೆದದ್ದು ಬೇಸಿಗೆ ರಜೆಯಲ್ಲಿ! ರಜೆಯ ಪಾಲು ಅಷ್ಟಿಲ್ಲ, ಅಂತರ ಬಹುಪಾಲು ಶಾಲೆಗೆ ಸೇರುವ ಮೊದಲೇ ಇರುತ್ತದೆ ಎಂದು ಆಮೇಲೆ ಕೆಲವರು ತಕರಾರು ತೆಗೆದರು. ಯಾರ ಮಾತು ಒಪ್ಪಿದರೂ ಸುಮ್ನೆ ಮೇಷ್ಟ್ರ ಕಡೆ ಬೆರಳು ತೋರಿಸಲು ಆಗುವುದಿಲ್ಲ. ಕೊನೆಯ ಪರೀಕ್ಷೆಯ ಅಂಕವನ್ನಷ್ಟೇ ನೋಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಹಾಗಂತ ಶಾಲೆ ಕೈಕಟ್ಟಿ ಕೂರಬೇಕಿಲ್ಲ. ಅಮೆರಿಕದ ಟೆನ್ನೆಸ್ಸೀ ರಾಜ್ಯದಲ್ಲಿ 1985ರಲ್ಲಿ ಚಿಕ್ಕ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಹಂಚಿ, ಕೆಲವು ತರಗತಿಗಳಲ್ಲಿ 13ರಿಂದ 17, ಉಳಿದವುಗಳಲ್ಲಿ 22ರಿಂದ 25 ಮಂದಿಯನ್ನು ಕೂರಿಸಿದರು. ಚಿಕ್ಕ ತರಗತಿಯವರು ಚೆನ್ನಾಗಿ ಕಲಿತರು. ಕಪ್ಪು ಜನರ ಮಕ್ಕಳಿಗೆ ಲಾಭ ಇನ್ನೂ ಜಾಸ್ತಿ ಸಿಕ್ಕಿತು.

ಇನ್ನು ಮುಚ್ಚುವ ಮಾತು. ಆ ಶಾಲೆಯ ಮಕ್ಕಳನ್ನು ನಿಮ್ಮ ‘ಎಲ್ಲರೂ ಪಾಸು’ ಶಾಲೆ ಸೇರಿಸಿಕೊಳ್ಳುತ್ತದಾ? ಒಮ್ಮೆ ಅಲ್ಲಿಗೇ ಹೋಗಿ ವಿಚಾರಿಸಿ. ಹಾಗೆಯೇ, ಅಲ್ಲಿ ಸೇರಿದವರಲ್ಲಿ ಎಷ್ಟು ಮಂದಿ ಪರೀಕ್ಷೆಯವರೆಗೆ ಉಳಿದರು ಅನ್ನುವುದನ್ನೂ ಕೇಳಿ. ಅವರು ಉತ್ತರ ಕೊಟ್ಟರೆ ಬರೆದು ಕಳಿಸಿ, ಅಚ್ಚು ಹಾಕುತ್ತೇವೆ.

– ಸಂ.